ಗಿರಣಿಯ ಧ್ವನಿಗಳನ್ನು ಬಾನುಲಿಗೆ ತಂದ ಬಗೆ

ಬಹಳ ಹಿಂದೆಯೇ ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಕಾರ್ಮಿಕರ ನೆನಪುಗಳನ್ನು ಧ್ವನಿಮುದ್ರಿಸಿ, ಅವುಗಳಿಂದ ರೇಡಿಯೊ ಸರಣಿಯೊಂದನ್ನು ಕಟ್ಟಿ, ಮೂಲ ಮುದ್ರಣಗಳನ್ನೆಲ್ಲ ಧ್ವನಿ ಸಂಗ್ರಹಾಗಾರಕ್ಕೆ ಒಪ್ಪಿಸುವ ಕೆಲಸ ಈಚೆಗಷ್ಟೇ ಮುಗಿಯಿತು. ಕೊನೆಯ ಕಂತು ಪ್ರಸಾರವಾದಂದಿನಿಂದ, ಇಂಥದೇ ಕೆಲಸಕ್ಕೆ ಕೈಹಾಕಬೇಕೆಂದಿರುವವರು ವಿಚಾರಿಸುತ್ತಲೇ ಇದ್ದಾರೆ. ಅವರ ಪ್ರಶ್ನೆಗಳು ಬಹುಮಟ್ಟಿಗೆ ಯಾವ ರೆಕಾರ್ಡರ್ ಕೊಳ್ಳಬೇಕು, ಯಾವ ಮೈಕ್ ಒಳ್ಳೆಯದು ಎಂಬುದರ ಸುತ್ತಲೇ ಇರುತ್ತವೆ. ಅವುಗಳಿಗೂ ಮುಂದೆ ಉತ್ತರ ಕೊಡುತ್ತೇನೆ. ಆದರೆ ಈ ಕೆಲಸದಲ್ಲಿ ಯಂತ್ರದ ಪಾಲು ಚಿಕ್ಕದು. ಒಬ್ಬರ ಬದುಕಿನ ಮಾತನ್ನು ಪಡೆದುಕೊಂಡ ಮೇಲೆ ಅದರ ಮೇಲೆ ಅವರಿಗಿರುವ ಹಕ್ಕನ್ನು ಬರಹ, ಸಂಕಲನ, ಕಾನೂನು ಪರಿಶೀಲನೆ, ಪ್ರಸಾರ, ಸಂಗ್ರಹ ಇವೆಲ್ಲವನ್ನೂ ದಾಟುವವರೆಗೆ ಕಾಯುವುದೇ ಇದರ ದೊಡ್ಡ ಪಾಲು. ಅದಕ್ಕೆ ಎಷ್ಟು ಕಾಲ, ಎಷ್ಟು ಕಾಗದ, ಎಷ್ಟು ತಾಳ್ಮೆ ಬೇಕೆಂಬುದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಬಹಳ ಉಪಕಾರವಾಗುತ್ತಿತ್ತು.

ಕೆಲಸ ಶುರುಮಾಡುವ ಮುನ್ನ ಕೆಲವು ತಿಂಗಳು ಹಿಂದಿನವರ ಕೆಲಸವನ್ನು ಕೇಳುವುದರಲ್ಲಿ ಕಳೆದೆ. ಮೌಖಿಕ ಇತಿಹಾಸಕ್ಕೆ ಒಂದು ಶಿಸ್ತಿನ ರೂಪ ಬಂದದ್ದು 1948ರಲ್ಲಿ, ಇತಿಹಾಸಕಾರ ಅಲನ್ ನೆವಿನ್ಸ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಕೇಂದ್ರವನ್ನು ತೆರೆದಾಗ. ಅಲ್ಲಿ ಮೊದಮೊದಲು ದಾಖಲಾದವರು ಹೆಚ್ಚಾಗಿ ಹೆಸರು, ಅಧಿಕಾರ ಇದ್ದವರೇ. ಇನ್ನೊಂದು ದಾರಿ ರೇಡಿಯೊದವರದು. ಶಿಕಾಗೋದ ಸ್ಟಡ್ಸ್ ಟರ್ಕೆಲ್ ಕಾನೂನು ಪದವಿ ಪಡೆದೂ ವಕೀಲಿಗೆ ಇಳಿಯದೆ, 1952ರಿಂದ 1997ರವರೆಗೆ ಡಬ್ಲ್ಯುಎಫ್‌ಎಂಟಿ ಎಂಬ ಒಂದೇ ನಿಲಯದಲ್ಲಿ ನಿತ್ಯ ಸಂದರ್ಶನ ಕಾರ್ಯಕ್ರಮ ನಡೆಸಿದರು. ಅವರ ಎದುರು ಮಾರ್ಟಿನ್ ಲೂಥರ್ ಕಿಂಗ್, ಬರ್ಟ್ರಂಡ್ ರಸೆಲ್ ಅವರಂಥವರೂ ಕುಳಿತು ಮಾತಾಡಿದ್ದಾರೆ. ಆದರೆ ಅವರಿಗೆ ಹೆಚ್ಚು ಹೆಸರು ತಂದುಕೊಟ್ಟದ್ದು ಕಾರ್ಖಾನೆಯ ಕಾರ್ಮಿಕರು, ಪರಿಚಾರಿಕೆಯರು, ಕೆಲಸ ಕಳೆದುಕೊಂಡವರು ತಮ್ಮದೇ ಮಾತಿನಲ್ಲಿ ಹೇಳಿಕೊಂಡ ಬದುಕು. ಎರಡನೆಯ ಮಹಾಯುದ್ಧದ ನೆನಪುಗಳ ಸಂಗ್ರಹಕ್ಕೆ 1985ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂದಿತು. ಅವರ 5,000ಕ್ಕೂ ಹೆಚ್ಚು ಕಾರ್ಯಕ್ರಮಗಳು ಟೇಪುಗಳಲ್ಲಿ ಉಳಿದವು, ಅವುಗಳ ಡಿಜಿಟಲ್ ರೂಪ 2018ರಿಂದ ಸಾರ್ವಜನಿಕರಿಗೆ ಸಿಗತೊಡಗಿತು. ಈ ಕೆಲಸಕ್ಕೆ ಬರುವವರು ಅವುಗಳಲ್ಲಿ ಕೆಲವನ್ನಾದರೂ ಕೇಳಬೇಕು. ಪ್ರಶ್ನೆ ಎಷ್ಟು ಚಿಕ್ಕದಾಗಿರಬಹುದು, ಒಬ್ಬರು ಮಾತು ನಿಲ್ಲಿಸಿದಾಗ ಇನ್ನೊಬ್ಬರು ಬಾಯಿ ಹಾಕದೆ ಇದ್ದರೆ ಏನು ಹೊರಬರುತ್ತದೆ ಎಂಬುದು ಯಾವ ತರಬೇತಿಗಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ನಾನು ಈ ಎರಡೂ ದಾರಿಗಳನ್ನು ಒಟ್ಟಿಗೆ ಹಿಡಿದಿದ್ದೆ. ಮುಂದೆ ಬಂದ ತೊಡಕುಗಳ ಬೇರು ಅಲ್ಲೇ ಇದೆ. ಸಂಗ್ರಹಾಗಾರಕ್ಕೆ ಇಡೀ ಸಂದರ್ಶನ ಬೇಕು, ಕೆಮ್ಮು, ತಡವರಿಕೆ, ಪುನರುಕ್ತಿ ಸಮೇತ. ರೇಡಿಯೊಗೆ ಅರ್ಧ ಗಂಟೆಗೂ ಕಡಿಮೆಯ, ಅರ್ಥವಾಗುವ, ಕೇಳುಗರು ಬಿಟ್ಟೇಳದಂತಹ ಕಂತು ಬೇಕು. ಎರಡಕ್ಕೂ ಒಪ್ಪುವಂತೆ ಮುದ್ರಿಸುವುದು ಸಾಧ್ಯ, ಆದರೆ ಅದನ್ನು ಮೊದಲ ದಿನವೇ ತೀರ್ಮಾನಿಸಿರಬೇಕು.

ನಿಲಯಕ್ಕೆ ಪ್ರಸ್ತಾವ ಕೊಡುವ ಹಂತದಲ್ಲಿ ಕಾಯುವುದು ಎಂದರೇನೆಂದು ಮೊದಲ ಬಾರಿಗೆ ತಿಳಿಯಿತು. ಅವರು ಕೇಳಿದ ಕಾಗದಗಳು ಇವು: ಸರಣಿಯ ಪರಿಕಲ್ಪನೆಯ ಟಿಪ್ಪಣಿ, ಪ್ರತಿ ಕಂತಿನ ಸಾರಾಂಶ, ಒಂದು ಮಾದರಿ ಕಂತು, ಖರ್ಚಿನ ಅಂದಾಜು, ಒಪ್ಪಿಗೆ ಪತ್ರದ ನಮೂನೆ, ಸಂಗೀತ ಬಳಸುವುದಾದರೆ ಅದರ ಹಕ್ಕಿನ ದಾಖಲೆ. ಯಾರನ್ನೂ ಇನ್ನೂ ಸಂದರ್ಶಿಸದೆ ಕಂತುಗಳ ಸಾರಾಂಶ ಬರೆಯುವುದು ಹೇಗೆ? ಜನರು ಏನು ಹೇಳುತ್ತಾರೆಂದು ಮೊದಲೇ ಬರೆದುಕೊಟ್ಟರೆ ಆಮೇಲೆ ಅದನ್ನೇ ಅವರ ಬಾಯಿಂದ ಹೇಳಿಸುವ ಆಸೆ ಹುಟ್ಟುತ್ತದೆ. ಆದ್ದರಿಂದ ಸಾರಾಂಶದ ಬದಲಿಗೆ ಪ್ರತಿ ಕಂತಿನಲ್ಲಿ ಕೇಳಲಿರುವ ಪ್ರಶ್ನೆಗಳನ್ನು ಬರೆದುಕೊಟ್ಟೆ: ಕೆಲಸಕ್ಕೆ ಸೇರಿದ್ದು ಹೇಗೆ, ಪಾಳಿಯ ದಿನ ಹೇಗಿರುತ್ತಿತ್ತು, ಮೈಗೆ ಏನಾಯಿತು, ಗಿರಣಿ ಮುಚ್ಚಿದ ದಿನ ಏನು ನಡೆಯಿತು. ನಿಲಯದವರು ಒಪ್ಪಿದರು. ಒಪ್ಪಿದ ಮಾತು ಕಾಗದಕ್ಕೆ ಬರಲು ಮಾತ್ರ ಒಂದು ಇಡೀ ಋತು ಕಳೆಯಿತು, ಆ ನಡುವೆ ನನ್ನ ಕಡತ ನೋಡುತ್ತಿದ್ದವರು ಬೇರೆ ವಿಭಾಗಕ್ಕೆ ಹೋಗಿ, ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ಇಂಥ ಕಾಯುವಿಕೆಯಲ್ಲಿ ಸುಮ್ಮನೆ ಕೂರಬೇಡಿ. ವಯಸ್ಸಾದವರ ಪಟ್ಟಿ ನಿಮ್ಮ ಬಳಿ ಇದ್ದರೆ, ಹಣ ಬರುವ ಮುನ್ನವೇ, ಕೈಯಲ್ಲಿರುವ ಸಲಕರಣೆಯಲ್ಲೇ, ಅತ್ಯಂತ ಹಿರಿಯರ ಮುದ್ರಣ ಮಾಡಿಬಿಡಿ. ನನ್ನ ಪಟ್ಟಿಯಲ್ಲಿದ್ದ ಇಬ್ಬರು ಆ ಋತುವಿನಲ್ಲೇ ತೀರಿಕೊಂಡರು. ಅವರಲ್ಲಿ ಒಬ್ಬರ ಮಾತು ಮಾತ್ರ ಉಳಿದಿದೆ.

ಒಪ್ಪಿಗೆ ಪತ್ರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಿಲಯದವರ ನಮೂನೆಯಲ್ಲಿ ಒಂದೇ ವಾಕ್ಯವಿತ್ತು: ಧ್ವನಿಯ ಎಲ್ಲ ಹಕ್ಕುಗಳನ್ನೂ ಎಲ್ಲ ಕಾಲಕ್ಕೂ ಎಲ್ಲ ಮಾಧ್ಯಮಗಳಿಗೂ ಬಿಟ್ಟುಕೊಡುತ್ತೇನೆ ಎಂದು. ಸಹಿ ಹಾಕುವವರಿಗೆ ಅದರ ಅರ್ಥವಾಗುವುದಿಲ್ಲ, ಅರ್ಥವಾದರೆ ಸಹಿ ಹಾಕುವುದಿಲ್ಲ. ನಾನು ಅದನ್ನು ಬಿಡಿಸಿ ಬರೆದೆ. ಮುದ್ರಿಸಿಕೊಳ್ಳಲು ಒಪ್ಪಿಗೆ ಬೇರೆ, ಪ್ರಸಾರಕ್ಕೆ ಒಪ್ಪಿಗೆ ಬೇರೆ, ಸಂಗ್ರಹಾಗಾರದಲ್ಲಿಟ್ಟು ಇತರರಿಗೆ ಕೇಳಿಸಲು ಬೇರೆ, ಹೆಸರು ಹೇಳುವುದೋ ಬೇಡವೋ ಎಂಬುದು ಬೇರೆ. ಪ್ರತಿಯೊಂದಕ್ಕೂ ಹೌದು, ಇಲ್ಲ, ಆಮೇಲೆ ಹೇಳುತ್ತೇನೆ ಎಂಬ ಮೂರು ಚೌಕಗಳು. ಓದಲು ಬಾರದವರಿಗೆ ಇಡೀ ಪತ್ರವನ್ನು ರೆಕಾರ್ಡರ್ ಚಾಲೂ ಇಟ್ಟುಕೊಂಡೇ ಓದಿ ಹೇಳಿ, ಅವರ ಉತ್ತರವನ್ನು ಅವರ ಧ್ವನಿಯಲ್ಲೇ ಮುದ್ರಿಸಿಕೊಂಡೆ. ಪ್ರಸಾರದ ಒಪ್ಪಿಗೆಯನ್ನು ಮಾತ್ರ ಮುದ್ರಣದ ದಿನ ಕೇಳಲಿಲ್ಲ, ಸಂಕಲನ ಮುಗಿದು ಅವರು ತಮ್ಮ ಭಾಗವನ್ನು ಕೇಳಿದ ಮೇಲೆ ಕೇಳಿದೆ. ನಿಲಯದ ಕಾನೂನು ವಿಭಾಗ ಇದಕ್ಕೆ ಬಹಳ ಅಸಮಾಧಾನಪಟ್ಟಿತು. ಕಂತು ಸಿದ್ಧವಾದ ಮೇಲೆ ಯಾರಾದರೂ ಬೇಡವೆಂದರೆ ಆದ ಖರ್ಚಿಗೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೂ ನಾನು ಪಟ್ಟು ಬಿಡಲಿಲ್ಲ, ಏಕೆಂದರೆ ತಾನು ಏನು ಹೇಳಲಿದ್ದೇನೆಂದು ತನಗೇ ಗೊತ್ತಿಲ್ಲದ ಹೊತ್ತಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಎಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಉಳಿಸಿಕೊಳ್ಳಲಾಗದ ಮಾತನ್ನು ಒಪ್ಪಿಗೆ ಪತ್ರದಲ್ಲಿ ಎಂದೂ ಬರೆಯಬೇಡಿ. ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘಟನೆಗಳಲ್ಲಿದ್ದವರ ನೆನಪುಗಳನ್ನು ಬಾಸ್ಟನ್ ಕಾಲೇಜಿಗಾಗಿ 2001ರಿಂದ 2006ರ ನಡುವೆ ಮುದ್ರಿಸಿದಾಗ, ಅವರು ಬದುಕಿರುವವರೆಗೆ ಟೇಪು ಹೊರಬರುವುದಿಲ್ಲವೆಂಬ ಭರವಸೆಯ ಮೇಲೆ ಅವರು ಮಾತಾಡಿದ್ದರು. 2011ರಲ್ಲಿ ಪೊಲೀಸ್ ತನಿಖೆಗಾಗಿ ಅಮೆರಿಕದ ನ್ಯಾಯಾಲಯದ ಮೂಲಕ ಆದೇಶ ಬಂದಿತು, ಕೆಲವು ಟೇಪುಗಳನ್ನು ಕೊಡಲೇಬೇಕಾಯಿತು. ಈ ಪ್ರಕರಣವನ್ನು ಓದಿದ ಮೇಲೆ ನಾನು ನನ್ನ ಪತ್ರದಲ್ಲಿ ಗೌಪ್ಯವಾಗಿಡುತ್ತೇನೆ ಎಂದಷ್ಟೇ ಬರೆಯದೆ, ಕಾನೂನು ಕೇಳಿದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂಬುದನ್ನೂ ಬರೆದೆ. ಮುಷ್ಕರದ ಕಾಲದ ಹೊಡೆದಾಟದ ಬಗ್ಗೆ ಹೇಳಬೇಕೆಂದಿದ್ದ ಒಬ್ಬರು ಆ ಸಾಲನ್ನು ಓದಿ ಆ ಭಾಗವನ್ನು ಹೇಳಲೇ ಇಲ್ಲ. ಸರಣಿಗೆ ಅದರಿಂದ ನಷ್ಟವಾಯಿತು. ಅವರಿಗೆ ಆಗಬಹುದಾಗಿದ್ದ ತೊಂದರೆಯ ಮುಂದೆ ಅದು ದೊಡ್ಡದಲ್ಲ.

ಜನರನ್ನು ಹುಡುಕುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು, ಸರಿಯಾದವರನ್ನು ತಲುಪುವುದು ಕಷ್ಟವಾಯಿತು. ಗಿರಣಿಯ ವಿಷಯವೆಂದರೆ ಎಲ್ಲರೂ ಕಾರ್ಮಿಕ ಸಂಘದ ಮುಂದಾಳುಗಳ ಕಡೆಗೆ ಕೈತೋರಿಸುತ್ತಿದ್ದರು. ಅವರು ಚೆನ್ನಾಗಿ ಮಾತಾಡುತ್ತಾರೆ. ತುಂಬಾ ಸಲ ಹೇಳಿ ಹೇಳಿ ಮಾತು ನಯವಾಗಿಬಿಟ್ಟಿರುತ್ತದೆ. ನೂಲು ಸುತ್ತುವ ವಿಭಾಗದಲ್ಲಿದ್ದ ಹೆಂಗಸರ ಹೆಸರನ್ನು ಯಾರೂ ಹೇಳಲಿಲ್ಲ, ಸಂದರ್ಶನ ಕೊಡುತ್ತಿದ್ದವರ ಪಕ್ಕದಲ್ಲೇ ಅಂಥವರೊಬ್ಬರು ಕುಳಿತಿದ್ದರೂ. ಗಂಡ ಹೇಳುವುದೆಲ್ಲ ಮುಗಿದ ಮೇಲೆ ಆಕೆಯ ಕಡೆ ತಿರುಗಿ, "ಅಮ್ಮಾ, ನೀವೂ ಅಲ್ಲೇ ಕೆಲಸದಲ್ಲಿದ್ದಿರಲ್ಲ, ನೀವು ಏನು ಹೇಳ್ತೀರಿ?" ಎಂದು ಕೇಳಿದೆ. "ನಂದೇನಿದೆ ಹೇಳೋಕೆ? ಅವರು ಎಲ್ಲ ಹೇಳಿದ್ರಲ್ಲ," ಎಂದರು. "ರಜೆ ಮುಗಿಸಿ ಹೋದ ಮೊದಲ ದಿನ ಹೇಗಿರ್ತಿತ್ತು?" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ನೋಡಿ ಎದೆ ಹಿಡ್ಕೊಳ್ತಿದ್ದದ್ದು. ಬೇರೆ ದಿನ ಅಷ್ಟಿಲ್ಲ," ಎಂದು ಆರಂಭಿಸಿದವರು ಮೆಮೊರಿ ಕಾರ್ಡ್ ತುಂಬುವವರೆಗೆ ಮಾತಾಡಿದರು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಮೊದಲ ಲಕ್ಷಣವೇ ಅದು: ಬಿಡುವಿನ ನಂತರದ ಮೊದಲ ಪಾಳಿಯಲ್ಲಿ ಎದೆ ಬಿಗಿದುಕೊಳ್ಳುವುದು. ವೈದ್ಯರ ಪುಸ್ತಕದಲ್ಲಿ ಒಂದು ಸಾಲಿನಲ್ಲಿರುವುದು ಆಕೆಯ ಮಾತಿನಲ್ಲಿ ಇಡೀ ಒಂದು ಕಂತಾಯಿತು. ಮೊದಲ ಭೇಟಿಯಲ್ಲಿ ರೆಕಾರ್ಡರ್ ಹೊರತೆಗೆಯದೆ ಬರೀ ಮಾತಾಡಿ ಬನ್ನಿ ಎಂದು ಹಲವು ಕೈಪಿಡಿಗಳು ಹೇಳುತ್ತವೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮೊದಲ ಭೇಟಿಯಲ್ಲಿ ಕುಟುಂಬ, ಕೆಲಸದ ವಿಭಾಗ, ವರ್ಷಗಳು ಇಷ್ಟನ್ನು ಕೇಳಿ. ಕಥೆಯತ್ತ ಹೊರಳಿದರೆ ನಯವಾಗಿ ತಡೆಯಿರಿ. ಒಮ್ಮೆ ಮನಸಾರೆ ಹೇಳಿದ್ದನ್ನು ಮತ್ತೆ ಹೇಳುವಾಗ ಜನ ಚಿಕ್ಕದಾಗಿ ಮುಗಿಸಿಬಿಡುತ್ತಾರೆ.

ಇನ್ನು ಸಲಕರಣೆ. ನಾನು ಬಳಸಿದ್ದು ಕೈಯಲ್ಲಿ ಹಿಡಿಯುವಂಥ ಸಾಧಾರಣ ಡಿಜಿಟಲ್ ರೆಕಾರ್ಡರ್, ಹೊರಗಿನಿಂದ ಜೋಡಿಸುವ ಒಂದು ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್. ಹೆಡ್‌ಫೋನ್ ಇಲ್ಲದೆ ಮುದ್ರಿಸಲೇಬೇಡಿ. ಬರಿಗಿವಿಗೆ ಕೇಳದ ಫ್ರಿಜ್ಜಿನ ಗುಂಯ್‌ಗುಡುವಿಕೆ, ಫ್ಯಾನಿನ ಗಾಳಿ, ಬಟ್ಟೆಗೆ ಸಿಕ್ಕಿಸಿದ ಮೈಕಿಗೆ ಸರ ತಗಲುವ ಸದ್ದು ಅದರಲ್ಲಷ್ಟೇ ತಿಳಿಯುತ್ತದೆ. ಕಡತದ ರೂಪ ವೇವ್ ಇರಲಿ, 48 ಕಿಲೋಹರ್ಟ್ಸ್, 24 ಬಿಟ್. ಒಂದು ಗಂಟೆಯ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಗಿಗಾಬೈಟ್ ಜಾಗ ಬೇಕಾಗುತ್ತದೆ. ಎಂಪಿ3ಯಲ್ಲಿ ಮುದ್ರಿಸಿದರೆ ಜಾಗ ಉಳಿಯುತ್ತದೆ, ಆದರೆ ಒಮ್ಮೆ ಕಳೆದುಹೋದ ಧ್ವನಿಯ ವಿವರ ಮತ್ತೆ ಬರುವುದಿಲ್ಲ ಮತ್ತು ಸಂಗ್ರಹಾಗಾರಗಳು ಅದನ್ನು ಮೂಲಪ್ರತಿಯಾಗಿ ತೆಗೆದುಕೊಳ್ಳಲು ಹಿಂಜರಿಯುತ್ತವೆ. ಪ್ರತಿ ಸಂದರ್ಶನದ ಕೊನೆಯಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನೇ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಬೆಸುಗೆ ಕಾಣದಂತೆ ಮಾಡಲು ಅದು ಬೇಕೇ ಬೇಕು.

ಮಗ್ಗದವರ ಮಾತನ್ನು ಮುದ್ರಿಸುವುದರಲ್ಲಿ ನಾನು ನಿರೀಕ್ಷಿಸದ ಒಂದು ತೊಂದರೆ ಎದುರಾಯಿತು. ನೂರಾರು ಯಾಂತ್ರಿಕ ಮಗ್ಗಗಳು ಒಟ್ಟಿಗೆ ಓಡುವ ಶೆಡ್ಡಿನಲ್ಲಿ ದಶಕಗಳ ಕಾಲ ನಿಂತವರ ಕಿವಿ ಮಂದವಾಗಿರುತ್ತದೆ. ಅಲ್ಲಿ ಅವರು ಮಾತಾಡುತ್ತಿದ್ದದ್ದು ತುಟಿಯ ಚಲನೆ ನೋಡಿಕೊಂಡು. ಆದ್ದರಿಂದ ನಾನು ಟಿಪ್ಪಣಿ ಪುಸ್ತಕದ ಕಡೆ ಬಾಗಿ ಪ್ರಶ್ನೆ ಕೇಳಿದರೆ ಉತ್ತರವೇ ಬರುತ್ತಿರಲಿಲ್ಲ, ಮುಖ ಎತ್ತಿ ನಿಧಾನವಾಗಿ ಕೇಳಿದರೆ ತಕ್ಷಣ ಬರುತ್ತಿತ್ತು. ಅವರ ಧ್ವನಿಯೂ ಹಾಗೆಯೇ, ಮನೆಯ ವಿಷಯ ಹೇಳುವಾಗ ಮೆಲ್ಲಗಿದ್ದದ್ದು ಮಗ್ಗದ ಮಾತು ಬಂದೊಡನೆ ಆ ಸದ್ದನ್ನು ಮೀರಿಸುವಂತೆ ಏರಿಬಿಡುತ್ತಿತ್ತು. ಮುದ್ರಣದ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇಟ್ಟರೂ ಕೆಲವು ಕಡೆ ಧ್ವನಿ ಒಡೆಯುವ ಅಪಾಯವಿತ್ತು. ಅದಕ್ಕೇ ರೆಕಾರ್ಡರಿನ ಎರಡನೆಯ ಚಾನಲ್ಲಿನಲ್ಲಿ ಅದೇ ಮಾತನ್ನು ಇನ್ನೂ ತಗ್ಗಿದ ಮಟ್ಟದಲ್ಲಿ ಮುದ್ರಿಸಿಕೊಳ್ಳತೊಡಗಿದೆ. ಹಲವು ರೆಕಾರ್ಡರುಗಳಲ್ಲಿ ಈ ಅನುಕೂಲ ಇರುತ್ತದೆ, ಕೊಳ್ಳುವಾಗ ಕೇಳಿ ನೋಡಿ.

ಕೈ ಮಾತಾಡುವುದನ್ನು ರೇಡಿಯೊಗೆ ತರುವುದು ಇನ್ನೊಂದು ಬಗೆಯ ಸವಾಲು. ಹಳೆಯ ನೇಕಾರರೊಬ್ಬರು ಕಡಿದುಹೋದ ಎಳೆಯನ್ನು ಕೂಡಿಸುವ ಗಂಟನ್ನು ತೋರಿಸುತ್ತೇನೆಂದು ಮೇಜಿನ ಮೇಲಿದ್ದ ದಾರವನ್ನು ಎತ್ತಿಕೊಂಡರು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎರಡು ತುದಿಗಳನ್ನು ಅಡ್ಡಹಾಕಿ ಒತ್ತಿ ಹಿಡಿದರು, ಬಲಗೈ ಒಂದು ಸುತ್ತು ಬಂದಿತು, ಹೆಬ್ಬೆರಳು ಒಂದು ತುದಿಯನ್ನು ಕೆಳಗೆ ತಳ್ಳಿತು, ಗಂಟು ಬಿದ್ದಾಗಿತ್ತು. ಕಣ್ಣಿಗೇ ಅದು ಸಿಕ್ಕಲಿಲ್ಲ. ಮುದ್ರಣದಲ್ಲಿ ಉಳಿದದ್ದು "ಹೀಗೆ... ಹೀಗೆ... ಆಯ್ತು" ಎಂಬಷ್ಟು ಮಾತ್ರ. ನಾನು, "ನನಗೆ ಕಣ್ಣು ಕಾಣಿಸೋದಿಲ್ಲ ಅಂದ್ಕೊಳ್ಳಿ ಯಜಮಾನರೇ, ಬೆರಳು ಎಲ್ಲಿಗೆ ಹೋಯ್ತು ಅಂತ ಹೇಳ್ತಾ ಮಾಡಿ," ಎಂದು ಕೇಳಿಕೊಂಡೆ. ಅವರು ನಿಧಾನವಾಗಿ, ಪ್ರತಿ ಬೆರಳಿಗೂ ಮಾತು ಕೊಡುತ್ತಾ, ಮತ್ತೆ ಮಾಡಿ ತೋರಿಸಿದರು. ಮಾತಿನ ನಡುವೆ ತಾವು ಮೊದಲು ಈ ಗಂಟು ಕಲಿತದ್ದು ಯಾರಿಂದ, ಎಷ್ಟು ಏಟು ತಿಂದು ಎಂಬುದೂ ಬಂದಿತು. ಕೈಕೆಲಸದವರನ್ನು ಸಂದರ್ಶಿಸುವವರು ಈ ಒಂದು ಕೋರಿಕೆಯನ್ನು ಜೊತೆಗಿಟ್ಟುಕೊಳ್ಳಿ.

ದುಃಖದ ಮಾತು ಬಂದಾಗ ಏನು ಮಾಡಬೇಕೆಂದು ಯಾರೂ ಪೂರ್ತಿ ಕಲಿಸಲಾರರು. ಯಂತ್ರಕ್ಕೆ ಸಿಕ್ಕಿ ಸತ್ತ ಗೆಳೆಯನ ಬಗ್ಗೆ ಹೇಳುತ್ತಾ ಒಬ್ಬರು ನಿಂತುಬಿಟ್ಟರು. ರೆಕಾರ್ಡರ್ ನಿಲ್ಲಿಸಲೇ ಎಂದು ಕೇಳಿದೆ, ಬೇಡವೆಂದು ಕೈಸನ್ನೆ ಮಾಡಿದರು. ನಿಲ್ಲಿಸುವ ಗುಂಡಿ ಯಾವುದೆಂದು ಪ್ರತಿ ಸಂದರ್ಶನದ ಆರಂಭದಲ್ಲಿ ಅವರಿಗೇ ತೋರಿಸಿ, ಯಾವಾಗ ಬೇಕಾದರೂ ಒತ್ತಬಹುದೆಂದು ಹೇಳಿಡುವುದು ನನ್ನ ಕ್ರಮವಾಗಿತ್ತು. ಅದನ್ನು ಒತ್ತಿದವರು ತೀರ ಕಡಿಮೆ, ಆದರೆ ಒತ್ತಬಹುದೆಂಬ ಅರಿವು ಮಾತನ್ನು ಹಗುರಗೊಳಿಸಿತೆಂದು ನನ್ನ ನಂಬಿಕೆ. ಅಂಥ ಸಂದರ್ಶನ ಮುಗಿದ ಕೂಡಲೇ ಚೀಲ ಕಟ್ಟಿಕೊಂಡು ಹೊರಡಬೇಡಿ. ಇವತ್ತಿನ ಮಾತಿಗೆ ಬರುವವರೆಗೆ ಅವರ ಜೊತೆ ಕುಳಿತಿರಿ, ಮರುದಿನ ಫೋನ್ ಮಾಡಿ. ನಿಮಗೂ ಬಿಡುವು ಬೇಕು. ಇಂಥ ಎರಡು ಸಂದರ್ಶನಗಳನ್ನು ಒಂದೇ ದಿನ ಇಟ್ಟುಕೊಳ್ಳುವುದು ಕೇಳುವವರಿಗೂ ಹೇಳುವವರಿಗೂ ಅನ್ಯಾಯ. ಆ ತಿಂಗಳುಗಳಲ್ಲಿ ನನಗೆ ನಿದ್ದೆ ಸರಿಯಿರಲಿಲ್ಲ, ಹೆಡ್‌ಫೋನ್ ತೆಗೆದ ಮೇಲೂ ಆ ಧ್ವನಿಗಳು ಕಿವಿಯಲ್ಲೇ ಇರುತ್ತಿದ್ದವು.

ಕಾಲವನ್ನು ಅತಿ ಹೆಚ್ಚಾಗಿ ನುಂಗಿದ್ದು ಮುದ್ರಣವನ್ನು ಬರಹಕ್ಕಿಳಿಸುವ ಕೆಲಸ. ಒಂದು ಗಂಟೆಯ ಮಾತಿಗೆ ನುರಿತವರಿಗೂ ಆರರಿಂದ ಎಂಟು ಗಂಟೆ ಬೇಕು. ತಂತ್ರಾಂಶದ ಸಹಾಯ ಪಡೆದು ನೋಡಿದೆ. ಸ್ಪಷ್ಟವಾಗಿ ಮಾತಾಡುವವರಲ್ಲಿ ಅದು ಕೆಲಸವನ್ನು ಅರ್ಧಕ್ಕಿಳಿಸಿತು. ಹಲ್ಲಿಲ್ಲದವರ, ಇಬ್ಬರು ಒಟ್ಟಿಗೆ ಮಾತಾಡಿದವರ, ಗಿರಣಿಯ ಒಳಮಾತು ಬಳಸಿದವರ ಮುದ್ರಣದಲ್ಲಿ ಅದು ಬರೆದದ್ದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ವಾಸಿ ಎನಿಸಿತು. ತಂತ್ರಾಂಶಕ್ಕೆ ಕೊಡುವ ಮುನ್ನ ಧ್ವನಿ ಯಾರ ಗಣಕಕ್ಕೆ ಹೋಗುತ್ತದೆ, ಅಲ್ಲಿ ಉಳಿಯುತ್ತದೆಯೇ ಎಂದು ಓದಿಕೊಳ್ಳಿ. ನಿಮ್ಮ ಒಪ್ಪಿಗೆ ಪತ್ರದಲ್ಲಿ ಅದರ ಮಾತಿಲ್ಲದಿದ್ದರೆ ಕೊಡಕೂಡದು. ಹಣದ ಅಂದಾಜಿನಲ್ಲಿ ಎಲ್ಲರೂ ಮರೆಯುವುದು ಈ ಹಂತವನ್ನೇ. ನನ್ನ ಒಟ್ಟು ಖರ್ಚಿನಲ್ಲಿ ಸಲಕರಣೆಗಿಂತ ದೊಡ್ಡ ಮೊತ್ತ ಬರಹಕ್ಕಿಳಿಸಿದವರ ಸಂಭಾವನೆಯದಾಗಿತ್ತು, ಅದು ಹಾಗೆಯೇ ಇರಬೇಕು.

ಬರಹ ಕೈಗೆ ಬಂದ ಮೇಲೆ ಇನ್ನೊಂದು ಗೊಂದಲ ತಲೆಯೆತ್ತಿತು. ಗಿರಣಿಗೆ ಬೆಂಕಿ ಬಿದ್ದದ್ದೂ ದೊಡ್ಡ ಮುಷ್ಕರವೂ ಒಂದೇ ವರ್ಷದಲ್ಲಿ ಎಂದು ಬಹುತೇಕ ಎಲ್ಲರೂ ಹೇಳಿದ್ದರು, ಹಾಜರಿ ಪುಸ್ತಕಗಳ ಪ್ರಕಾರ ಅವುಗಳ ನಡುವೆ ಹಲವು ವರ್ಷಗಳ ಅಂತರವಿತ್ತು. ನಿಲಯದವರು ತಪ್ಪು ಹೇಳಿಕೆಗಳನ್ನು ಕತ್ತರಿಸಿ ಎಂದರು. ಆಗ ನನಗೆ ನೆರವಾದದ್ದು ಇಟಲಿಯ ಅಲೆಸಾಂಡ್ರೊ ಪೋರ್ಟೆಲ್ಲಿ ಮಾಡಿದ ಅಧ್ಯಯನ. ತೆರ್ನಿ ಎಂಬ ಉಕ್ಕಿನ ಪಟ್ಟಣದಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರಿಂದ ಹತನಾದದ್ದು 1949ರಲ್ಲಿ, ನ್ಯಾಟೊ ಒಕ್ಕೂಟಕ್ಕೆ ಇಟಲಿ ಸೇರುವುದನ್ನು ವಿರೋಧಿಸಿ ನಡೆದ ಪ್ರತಿಭಟನೆಯಲ್ಲಿ. ಆದರೆ ಊರಿನ ಅನೇಕರು ಅದು 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗಿನ ಬೀದಿ ಹೋರಾಟದಲ್ಲಿ ಆಯಿತೆಂದೇ ನೆನಪಿಟ್ಟುಕೊಂಡಿದ್ದರು. ತಮ್ಮ ಬದುಕಿನ ಅತಿ ದೊಡ್ಡ ಹೊಡೆತದ ಜೊತೆ ಆ ಸಾವನ್ನು ಸೇರಿಸಿಕೊಂಡಿದ್ದರು ಎಂದು ಪೋರ್ಟೆಲ್ಲಿ ತೋರಿಸಿಕೊಟ್ಟರು. ನಾನೂ ಮಾತುಗಳನ್ನು ಕತ್ತರಿಸಲಿಲ್ಲ. ನಿರೂಪಣೆಯಲ್ಲಿ ದಾಖಲೆಯ ವರ್ಷಗಳನ್ನು ಹೇಳಿ, ಅದರ ಹಿಂದೆಯೇ ಅವರ ನೆನಪನ್ನು ಇಟ್ಟೆ. ಬೆಂಕಿಯನ್ನು ಮಾಲೀಕರ ಕೈವಾಡವೆಂದು ಅವರೆಲ್ಲ ಏಕೆ ನಂಬಿದ್ದರೆಂಬುದು ಆ ಜೋಡಣೆಯಿಂದಲೇ ಕೇಳುಗರಿಗೆ ತಿಳಿಯುತ್ತದೆ.

ಈ ನಡುವೆ ಒಬ್ಬರ ಮನೆಯ ಅಟ್ಟದಿಂದ ಕಾರ್ಮಿಕ ಸಂಘದ ಸಭೆಗಳನ್ನು ಮುದ್ರಿಸಿದ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆ ಹೊರಬಂದಿತು. ಸಂತೋಷದ ಜೊತೆಗೇ ಕೆಲಸವೂ ಬಂದಿತು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಹಲವುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಕಳಚಿಬಿದ್ದಿತ್ತು. ಅಂಥವುಗಳ ಟೇಪನ್ನು ಬಿಡಿಸಿ ತಿರುಪಿರುವ ಬೇರೆ ಕವಚಕ್ಕೆ ವರ್ಗಾಯಿಸಬೇಕು. ಬೂಷ್ಟು ಹಿಡಿದದ್ದನ್ನು ನೇರವಾಗಿ ಯಂತ್ರಕ್ಕೆ ಹಾಕಬಾರದು, ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅದರ ಪುಡಿ ಉಸಿರಿಗೂ ಕೆಟ್ಟದ್ದು, ಮುಖಗವಸು ಬೇಕು. 90 ನಿಮಿಷದ ಕ್ಯಾಸೆಟ್ಟನ್ನು ಡಿಜಿಟಲ್‌ಗೆ ತರಲು 90 ನಿಮಿಷವೇ ಬೇಕು, ಬೇಗ ಮುಗಿಸುವ ದಾರಿಯಿಲ್ಲ. ಇಂಥ ಪೆಟ್ಟಿಗೆ ಸಿಕ್ಕಾಗ ಮೊದಲು ಪ್ರತಿ ಕ್ಯಾಸೆಟ್ಟಿನ ಎರಡೂ ಬದಿಯ ಬರಹವನ್ನು ಫೋಟೊ ತೆಗೆದಿಡಿ, ಅದರ ಮೂಲೆಯ ಚಿಕ್ಕ ತಡೆಗಳನ್ನು ಮುರಿದು ಮೇಲೆ ಮತ್ತೇನೂ ಮುದ್ರಣವಾಗದಂತೆ ಮಾಡಿ.

ಸಂಕಲನದ ವಿಷಯದಲ್ಲಿ ನನಗೆ ಮಾದರಿಯಾಗಿದ್ದದ್ದು 1958ರಿಂದ 1964ರವರೆಗೆ ಬಿಬಿಸಿಯಲ್ಲಿ ಪ್ರಸಾರವಾದ ರೇಡಿಯೊ ಬ್ಯಾಲಡ್ ಕಾರ್ಯಕ್ರಮಗಳು. ಅಲ್ಲಿಯವರೆಗೆ ಕಾರ್ಮಿಕರ ಮಾತನ್ನು ಬರೆದುಕೊಂಡು ನಟರಿಂದ ಓದಿಸುವುದು ವಾಡಿಕೆಯಾಗಿತ್ತು. ಚಾರ್ಲ್ಸ್ ಪಾರ್ಕರ್, ಇವಾನ್ ಮೆಕಾಲ್, ಪೆಗ್ಗಿ ಸೀಗರ್ ಮೂವರೂ ಸೇರಿ ರೈಲು ಕಾರ್ಮಿಕರ, ಗಣಿಯವರ, ಮೀನುಗಾರರ ಮೂಲ ಧ್ವನಿಗಳನ್ನೇ ಹಾಡಿನ ಜೊತೆ ಹೆಣೆದರು, ನಿರೂಪಕರಿಲ್ಲದೆ. ನಾನು ನಿರೂಪಣೆಯನ್ನು ಪೂರ್ತಿ ಬಿಡಲಿಲ್ಲ, ಆದರೆ ನನ್ನ ಪ್ರಶ್ನೆಗಳನ್ನು ಹೆಚ್ಚಿನ ಕಡೆ ತೆಗೆದೆ. ಪ್ರಶ್ನೆ ತೆಗೆದರೆ ಉತ್ತರದ ಅರ್ಥ ಬದಲಾಗುವ ಕಡೆ ಮಾತ್ರ ಉಳಿಸಿದೆ. ಹೇಳಿದ ಕ್ರಮವನ್ನು ಹಿಂದುಮುಂದು ಮಾಡುವಾಗ ನಾನಿಟ್ಟುಕೊಂಡ ನಿಯಮ ಒಂದೇ: ಹೇಳಿದವರ ಎದುರು ಕುಳಿತು ಅದನ್ನು ಕೇಳಿಸಲು ನನಗೆ ಸಂಕೋಚವಾಗಕೂಡದು. ಉಸಿರನ್ನು ಕತ್ತರಿಸಬೇಡಿ. ಮಾತಿಗೆ ಮುಂಚಿನ ಉಸಿರು ಹೋದರೆ ಧ್ವನಿ ಸತ್ತಂತಾಗುತ್ತದೆ. ಮೌನವನ್ನು ಕಡಿಮೆ ಮಾಡಬೇಕೆಂದು ನಿಲಯದವರು ಹೇಳಿದ ಕಡೆಗಳಲ್ಲೆಲ್ಲ ವಾದಿಸಿ ಕೆಲವನ್ನು ಉಳಿಸಿಕೊಂಡೆ.

ಆಮೇಲೆ ಪ್ರತಿಯೊಬ್ಬರಿಗೂ ಅವರವರ ಭಾಗವನ್ನು ಕೇಳಿಸಲು ಹೋದೆ. ಈ ಹಂತವನ್ನು ಹಲವರು ಬಿಡುತ್ತಾರೆ. ಟರ್ಕೆಲ್ ಒಮ್ಮೆ ಹೆಂಗಸೊಬ್ಬಳಿಗೆ ಅವಳ ಮಾತನ್ನು ಮತ್ತೆ ಕೇಳಿಸಿದಾಗ, ತನಗೆ ಹಾಗೆ ಅನಿಸುತ್ತಿತ್ತೆಂಬುದೇ ತನಗೆ ಗೊತ್ತಿರಲಿಲ್ಲವೆಂದು ಅವಳು ಬೆರಗಾದದ್ದನ್ನು ಬಹಳ ಕಡೆ ಹೇಳಿಕೊಂಡಿದ್ದಾರೆ. ಅಂಥ ಬೆರಗನ್ನು ನಾನೂ ಕಂಡೆ. ಬೇರೆ ಬಗೆಯ ಪ್ರತಿಕ್ರಿಯೆಯನ್ನೂ ಕಂಡೆ. ಎದೆ ಬಿಗಿತದ ಬಗ್ಗೆ ಅಷ್ಟು ಹೊತ್ತು ಹೇಳಿದ್ದ ಆ ಹಿರಿಯರು ಎಲ್ಲವನ್ನೂ ಕೇಳಿ, "ಇದು ಇರಲಿ. ಮೇಸ್ತ್ರಿ ವಿಷಯ ಮಾತ್ರ ಬೇಡ, ಅವನ ಮೊಮ್ಮಕ್ಕಳು ಇಲ್ಲೇ ಇದ್ದಾರೆ," ಎಂದರು. ಕಂತಿನ ಅತ್ಯಂತ ಬಲವಾದ ಭಾಗ ಅದೇ ಆಗಿತ್ತು. ತೆಗೆದೆ. ಇನ್ನೊಬ್ಬರು ತಮ್ಮ ಧ್ವನಿಯೇ ಬೇಡವೆಂದರು, ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಇದಕ್ಕೆಲ್ಲ ಕೊನೆಯ ಪ್ರತಿ ಒಪ್ಪಿಸುವ ದಿನಕ್ಕೆ ಮುನ್ನ ಸಾಕಷ್ಟು ವಾರಗಳನ್ನು ಬಿಟ್ಟುಕೊಂಡಿರಬೇಕು.

ಕಾನೂನು ಪರಿಶೀಲನೆಯಲ್ಲಿ ಅವರು ಮುಖ್ಯವಾಗಿ ನೋಡುವುದು ಬದುಕಿರುವವರ ಮೇಲೆ ಆರೋಪವಿದೆಯೇ, ಅದಕ್ಕೆ ಆಧಾರವಿದೆಯೇ, ಆರೋಪಿತರಿಗೆ ಉತ್ತರಿಸಲು ಅವಕಾಶ ಕೊಟ್ಟಿದ್ದೀರಾ ಎಂಬುದನ್ನು. ಪ್ರತಿ ಹೇಳಿಕೆಯ ಮುಂದೆ ಅದು ಯಾವ ಕಡತದ ಎಷ್ಟನೆಯ ನಿಮಿಷದ್ದೆಂದು ಬರೆದಿಟ್ಟಿದ್ದರಿಂದ ಈ ಹಂತ ಬೇಗ ಮುಗಿಯಿತು. ಪ್ರಸಾರದ ಸಮಯವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಸಂಜೆಯಿಂದ ತಡರಾತ್ರಿಗೆ ಬದಲಿಸಿಬಿಟ್ಟರು, ಬೇಗ ಮಲಗುವ ಹಿರಿಯರೇ ನಮ್ಮ ಮೊದಲ ಕೇಳುಗರು ಎಂಬುದನ್ನು ಎಷ್ಟು ವಿವರಿಸಿದರೂ ಫಲವಾಗಲಿಲ್ಲ. ಬೆಳಗಿನ ಹೊತ್ತಿನಲ್ಲಿ ಮರುಪ್ರಸಾರ ಮಾಡುವ ಮಾತನ್ನು ಮೊದಲೇ ಕರಾರಿನಲ್ಲಿ ಬರೆಸಿದ್ದರಿಂದ ಬಚಾವಾಯಿತು. ಕರಾರು ಮಾಡಿಕೊಳ್ಳುವವರು ಮರುಪ್ರಸಾರ, ಮೂಲ ಮುದ್ರಣದ ಒಡೆತನ ಇವೆರಡನ್ನೂ ಬಿಡದೆ ಬರೆಸಿಕೊಳ್ಳಿ.

ಪ್ರಸಾರ ಶುರುವಾದ ಮೇಲೆ ಬಂದ ಕರೆಗಳಲ್ಲಿ ಹೊಗಳಿಕೆಗಿಂತ ಸೇರ್ಪಡೆಗಳೇ ಹೆಚ್ಚು. ಆ ಪಾಳಿಯ ಸೈರನ್ ಎರಡು ಸಲವಲ್ಲ ಮೂರು ಸಲ ಕೂಗುತ್ತಿತ್ತು, ಆ ಹಾಡನ್ನು ಮೊದಲು ಹಾಡಿದ್ದು ಬಣ್ಣದ ವಿಭಾಗದವರು ಎಂದೆಲ್ಲ ಜನ ಹೇಳಿದರು. ಅವುಗಳನ್ನೆಲ್ಲ ಹೆಸರು, ದಿನಾಂಕದೊಂದಿಗೆ ಬರೆದಿಟ್ಟು ಸಂಗ್ರಹಕ್ಕೆ ಸೇರಿಸಿದೆ.

ಸಂಗ್ರಹಾಗಾರಕ್ಕೆ ಒಪ್ಪಿಸುವ ಕೆಲಸ ಪ್ರಸಾರದಷ್ಟೇ ಮುಖ್ಯ, ಆದರೆ ಆ ಹೊತ್ತಿಗೆ ಹಣವೂ ಉತ್ಸಾಹವೂ ಮುಗಿದಿರುತ್ತದೆ. ಅವರು ಕೇಳುವುದು ಕತ್ತರಿಸದ ಮೂಲ ಕಡತ, ಬರಹದ ಪ್ರತಿ, ಸಹಿಯಾದ ಒಪ್ಪಿಗೆ ಪತ್ರ, ಪ್ರತಿ ಸಂದರ್ಶನದ ವಿವರಪಟ್ಟಿ ಮತ್ತು ಯಾವ ಭಾಗ ಎಷ್ಟು ಕಾಲ ಮುಚ್ಚಿರಬೇಕೆಂಬ ಸೂಚನೆ. ಮುದ್ರಿಸಿದ ದಿನವೇ ವಿವರಪಟ್ಟಿ ತುಂಬಿದ್ದರೆ ಇದು ಕೆಲವೇ ದಿನಗಳ ಕೆಲಸ. ಮೇಸ್ತ್ರಿಯ ಭಾಗವನ್ನು ಆಕೆಯ ಇಷ್ಟದಂತೆ ಆಕೆಯ ಜೀವಿತದ ನಂತರವೂ ದೀರ್ಘಕಾಲ ಮುಚ್ಚಿಡಲು ಬರೆದುಕೊಟ್ಟಿದ್ದೇನೆ, ಕಾನೂನಿನ ಆದೇಶ ಬಂದರೆ ಹೊರತು ಎಂಬ ಸಾಲಿನೊಂದಿಗೆ. ಕಡತಗಳ ಮೂರು ಪ್ರತಿಗಳು ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಕಟ್ಟಡದಲ್ಲಿ ಇರಲಿ. ಖರ್ಚಿನ ಅಂದಾಜು ಬರೆಯುವಾಗ ಮಾತಾಡಿದವರ ಮನೆಗಳಿಗೆ ಕೊಡುವ ಪ್ರತಿಗಳಿಗೂ ಒಂದಿಷ್ಟು ತೆಗೆದಿಡಿ, ಮತ್ತು ಕೊಡುವ ಮುನ್ನ ಅವರು ಅದನ್ನು ಯಾವುದರಲ್ಲಿ ಕೇಳುತ್ತಾರೆಂದು ವಿಚಾರಿಸಿ. ನಾನು ಭೇಟಿಯಾದ ಹೆಚ್ಚಿನವರ ಬಳಿ ಕಂಪ್ಯೂಟರ್ ಇರಲಿಲ್ಲ, ಆದ್ದರಿಂದ ಇಡೀ ಸಂದರ್ಶನವನ್ನು ಅರ್ಧರ್ಧ ಗಂಟೆಯ ತುಂಡುಗಳಾಗಿ ಮಾಡಿ, ಪ್ರತಿಯೊಂದಕ್ಕೂ ಅವರಿಗೇ ಅರ್ಥವಾಗುವ ಹೆಸರು ಕೊಟ್ಟು, ಮನೆಯಲ್ಲಿರುವ ಮೊಬೈಲಿಗೆ ಹಾಕಿಕೊಟ್ಟು, ತೆರೆಯುವುದನ್ನು ಅವರ ಕೈಯಿಂದಲೇ ಮಾಡಿಸಿ ಬಂದೆ.